ಕೈ ನಡುಗಿದರೂ ಯಂತ್ರ ನಡುಗಬಾರದು

ಸಿರುಗುಪ್ಪದ ಬಯಲಿನಲ್ಲಿ ಹುಟ್ಟಿದವನಿಗೆ ಎತ್ತರದ ಪರಿಚಯ ಬಲು ತಡವಾಗಿ ಆಗುತ್ತದೆ. ಕಣ್ಣು ಹಾಯುವಷ್ಟು ದೂರವೂ ಭತ್ತದ ಗದ್ದೆ, ಕಾಲುವೆ, ಬದು, ಅದರಾಚೆಗೆ ಆಕಾಶ. ಓದಿಗೆಂದು ಬಳ್ಳಾರಿಗೆ ಬಂದ ವರ್ಷ ತಂದೆಯವರು ನನ್ನನ್ನು ಕೋಟೆಯ ಗುಡ್ಡಕ್ಕೆ ಕರೆದೊಯ್ದರು. ಊರಿನ ನಡುವೆ ಬಂಡೆಯ ರಾಶಿಯಂತೆ ಎದ್ದು ನಿಂತಿರುವ ಆ ಗುಡ್ಡದ ಅರ್ಧದಾರಿಯಲ್ಲಿ ಹಿಂದಿರುಗಿ ನೋಡಿದೆನಷ್ಟೆ, ಕಾಲು ನಡುಗಿ ಅಲ್ಲಿಯೇ ಕುಳಿತುಬಿಟ್ಟೆ.

ನಲವತ್ತು ವರ್ಷಗಳ ಅನಂತರ ಅದೇ ನಡುಕ ಮತ್ತೊಮ್ಮೆ ಬಂದಿತು. ವಿಚಿತ್ರವೆಂದರೆ, ಆಗ ನನ್ನ ಎರಡು ಕಾಲುಗಳೂ ನೆಲದ ಮೇಲೆಯೇ ಇದ್ದವು. ಆಕಾಶಕ್ಕೆ ಏರಿದ್ದುದು ನಾನಲ್ಲ, ಡ್ರೋನ್ ಎಂಬ ಯಂತ್ರ. ನಡುಗಿದುದು ಮಾತ್ರ ನನ್ನ ಕೈ!

ಈ ಸಾಹಸಕ್ಕೆ ನಾನು ಕೈಹಾಕಿದುದು ಶೋಕಿಗಾಗಿಯಲ್ಲ. ಊರಿನಲ್ಲಿ ತಮ್ಮನು ನಾಲ್ಕು ಎಕರೆ ಭತ್ತ ಮಾಡುತ್ತಾನೆ. ಔಷಧಿ ಸಿಂಪಡಿಸುವ ಕಾಲಕ್ಕೆ ಆಳುಗಳು ಸಿಕ್ಕುವುದಿಲ್ಲ; ಸಿಕ್ಕವರು ಬೆನ್ನಿಗೆ ಪಂಪು ಕಟ್ಟಿಕೊಂಡು ಕೆಸರಿನಲ್ಲಿ ಹೆಜ್ಜೆ ಕೀಳುತ್ತ, ಆ ವಿಷವನ್ನೇ ಉಸಿರಾಡುತ್ತ ಹೋಗಬೇಕು. 10 ಲೀಟರಿನ ತೊಟ್ಟಿಯುಳ್ಳ ಡ್ರೋನ್ ಸುಮಾರು ಹತ್ತು ನಿಮಿಷಗಳಲ್ಲಿ ಒಂದು ಎಕರೆಯನ್ನು ಮುಗಿಸುತ್ತದೆ. ಕೆಲಸದಿಂದ ಬಿಡುವು ಪಡೆದಿದ್ದ ನಾನು, “ನಾನೇ ಕಲಿಯುತ್ತೇನೆ” ಎಂದುಬಿಟ್ಟೆ. ಮಾತು ಆಡುವುದು ಸುಲಭ ನೋಡಿ.

2021ರ ಡ್ರೋನ್ ನಿಯಮಗಳ ಪ್ರಕಾರ ಇಂತಹ ಯಂತ್ರವನ್ನು ನಡೆಸಲು ಚಾಲಕನ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 65ರ ಒಳಗಿರಬೇಕು; ಹತ್ತನೆಯ ತರಗತಿ ಮುಗಿದಿರಬೇಕು; ವಿಮಾನಯಾನ ಇಲಾಖೆಯ ಮನ್ನಣೆ ಪಡೆದ ಸಂಸ್ಥೆಯಲ್ಲಿ ತರಬೇತಿಯಾಗಿರಬೇಕು. ಒಮ್ಮೆ ದೊರೆತ ಪ್ರಮಾಣಪತ್ರ ಹತ್ತು ವರ್ಷ ನಡೆಯುತ್ತದೆ. ನಾನು ಕಲಿಯಲು ಹೋದ ಕಡೆ ಹಳ್ಳಿಗಳ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳೂ ಇದ್ದರು. 2023ರ ನವೆಂಬರಿನಲ್ಲಿ ಒಪ್ಪಿಗೆ ದೊರೆತ ‘ನಮೋ ಡ್ರೋನ್ ದೀದಿ’ ಯೋಜನೆಯು ಇಂತಹ 15,000 ಸಂಘಗಳಿಗೆ ಡ್ರೋನ್ ಒದಗಿಸುವ ಗುರಿಯಿಟ್ಟುಕೊಂಡಿತು. ಬೆಲೆಯಲ್ಲಿ ನೂರಕ್ಕೆ 80 ಪಾಲು, ಎಂದರೆ 8 ಲಕ್ಷ ರೂಪಾಯಿಯವರೆಗೆ, ಸರ್ಕಾರದ ನೆರವು.

ಲಕ್ಷಗಳ ಮಾತು ಕಿವಿಗೆ ಬಿದ್ದೊಡನೆಯೇ ಅರ್ಧ ಧೈರ್ಯ ಉಡುಗುತ್ತದೆ. ಒಬ್ಬಾಕೆ ಮೆಲ್ಲನೆ ಹೇಳಿದರು: “ಅಣ್ಣಾವರೆ, ಬಿದ್ದರ ಪೆಟ್ಟಾಗತೈತಿ ಅಂತ ಅಲ್ರೀ, ಊರಾಗಿನ ಮಂದಿ ನಕ್ಕರ ಹೆಂಗ ಅಂತ ಅಂಜಿಕಿ.” ನನ್ನ ಮನಸ್ಸಿನಲ್ಲಿದ್ದುದೂ ಅದೇ. ಆದರೆ ಒಪ್ಪಿಕೊಳ್ಳುವ ಧೈರ್ಯ ಆಕೆಗಿತ್ತು, ನನಗಿರಲಿಲ್ಲ.

ಕುರುಗೋಡಿನ ಪಾಠ

ಪ್ರಮಾಣಪತ್ರ ಕೈಸೇರಿದರೂ ಕೈಯ ನಡುಕ ಹೋಗಲಿಲ್ಲ. ಅಭ್ಯಾಸಕ್ಕೆಂದು 250 ಗ್ರಾಂ ಮೀರದ ಒಂದು ಪುಟ್ಟ ಡ್ರೋನ್ ಕೊಂಡೆ. ಹಾರಾಟಕ್ಕೆ ಎಲ್ಲೆಲ್ಲಿ ಅವಕಾಶವಿದೆ ಎಂಬುದನ್ನು ಸರ್ಕಾರದ ನಕ್ಷೆಯು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ಅದನ್ನು ನೋಡಿ ಖಚಿತಪಡಿಸಿಕೊಂಡು, ಒಂದು ಬೆಳಿಗ್ಗೆ ಬಳ್ಳಾರಿಯಿಂದ ಕುರುಗೋಡಿಗೆ ಹೊರಟೆ. ಅಲ್ಲಿಯ ದೊಡ್ಡಬಸವೇಶ್ವರನ ಗುಡಿಯನ್ನು ಅರಿಯದವರಾರು? ಆ ಬೃಹತ್ ನಂದಿಗೆ ಕೈಮುಗಿದು, ಊರಾಚೆಯ ಬಯಲಿಗೆ ಹೋದೆ. ಜನರಿಲ್ಲ, ತಂತಿಗಳಿಲ್ಲ, ಒಂದು ಜಾಲಿಯ ಮರ, ದೂರದಲ್ಲಿ ಬಂಡೆಗಳ ಗುಡ್ಡ.

ಯಂತ್ರವು ನನಗೆ ಬೆನ್ನು ಮಾಡಿಕೊಂಡು ಹೋಗುವವರೆಗೆ ಎಲ್ಲವೂ ಸುಗಮವಾಗಿತ್ತು. ಮೂಗು ತಿರುಗಿಸಿ ನನ್ನತ್ತ ಬರತೊಡಗಿತೋ, ಬುದ್ಧಿ ಕೆಟ್ಟಿತು! ಕಾರಣ ಸರಳ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕಿರುವಂತೆ, ನಮ್ಮತ್ತ ಮುಖ ಮಾಡಿದ ಡ್ರೋನಿಗೆ ಎಡಬಲಗಳು ಅದಲುಬದಲು. ಜಾಲಿಯಿಂದ ತಪ್ಪಿಸಲೆಂದು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಅದು ಜಾಲಿಯತ್ತಲೇ ಓಡಿತು. ಗಾಬರಿಯಿಂದ ಮತ್ತಷ್ಟು ಬಲವಾಗಿ ಒತ್ತಿದೆ. ಇನ್ನೇನು ಮುಳ್ಳಿನಲ್ಲಿ ಸಿಕ್ಕಿತು ಎನ್ನುವಾಗ ಶಿಕ್ಷಕರು ಮೊದಲ ದಿನವೇ ಹೇಳಿದ ಮಾತು ನೆನಪಿಗೆ ಬಂದಿತು: “ಏನೂ ತೋಚದಿದ್ದರೆ ಏನೂ ಮಾಡಬೇಡಿ.” ಎರಡು ಹೆಬ್ಬೆರಳುಗಳನ್ನೂ ಕಡ್ಡಿಗಳಿಂದ ತೆಗೆದುಬಿಟ್ಟೆ. ಯಂತ್ರವು ಗಾಳಿಯಲ್ಲಿ ಹಾಗೆಯೇ ನಿಂತಿತು.

ಉಪಗ್ರಹಗಳ ಸಂಕೇತ ದೊರೆಯುತ್ತಿರುವಾಗ ಇಂದಿನ ಡ್ರೋನುಗಳು ಹೀಗೆ ಇದ್ದಲ್ಲಿಯೇ ನಿಲ್ಲಬಲ್ಲವು. ಸಂಕೇತ ತಪ್ಪಿದರೆ ಗಾಳಿ ಎಳೆದತ್ತ ತೇಲುತ್ತವೆ. ಆದುದರಿಂದಲೇ ಸಂಕೇತ ಸರಿಯಾಗಿ ದೊರೆಯುವವರೆಗೆ ಏರಿಸಬಾರದೆಂಬ ನಿಯಮ. ಆ ಬೆಳಿಗ್ಗೆ ನನಗೆ ಹೊಳೆದ ಸತ್ಯವಿಷ್ಟೆ: ಯಂತ್ರವು ಬೀಳುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಮರದತ್ತ ದೂಡುತ್ತಿದ್ದುದು ನನ್ನ ಗಾಬರಿಯೇ.

ಹಾಗಾದರೆ ಭಯವನ್ನು ಪೂರ್ತಿ ಓಡಿಸಬೇಕೆ? ಅದೂ ಸರಿಯಲ್ಲ. 1908ರಲ್ಲಿ ಅಮೆರಿಕೆಯ ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ತಪ್ಪುದಾರಿ ಹಿಡಿದ ಇಲಿಗೆ ಸಣ್ಣ ವಿದ್ಯುತ್ತಿನ ಆಘಾತ. ಆಘಾತ ಅತಿ ಮೃದುವಾದರೆ ಇಲಿಗಳು ತಡವಾಗಿ ಕಲಿತವು. ಪಾಠ ಕಠಿಣವಾಗಿದ್ದಾಗ ಆಘಾತ ಅತಿ ಬಲವಾದರೂ ತಡವಾಗಿಯೇ ಕಲಿತವು. ನಡುವಣ ಮಟ್ಟದಲ್ಲಿ ಬೇಗ ಕಲಿತವು. ಸಾರಿಗೆ ಉಪ್ಪಿನಂತೆ ಭಯವೂ ಹದವಾಗಿರಬೇಕು.

ಭಯಕ್ಕೊಂದು ಕೆಲಸ

ಆ ಹದವನ್ನು ತರುವುದು ಹೇಗೆ? ಇದರ ಉತ್ತರ ವಿಮಾನಗಳ ಚರಿತ್ರೆಯಲ್ಲಿದೆ. 1935ರ ಅಕ್ಟೋಬರ್ 30ರಂದು ಅಮೆರಿಕೆಯಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ಬಾಂಬರ್ ವಿಮಾನದ ಪರೀಕ್ಷೆ ನಡೆಯಿತು. ಚಾಲಕರಾಗಿದ್ದ ಮೇಜರ್ ಹಿಲ್ ನುರಿತವರು. ವಿಮಾನವು ಮೇಲೇರಿದುದೇ ತಡ, ನೆಲಕ್ಕಪ್ಪಳಿಸಿತು, ಹಿಲ್ ಪ್ರಾಣಬಿಟ್ಟರು. ನಿಲ್ಲಿಸಿದಾಗ ಬಾಲದ ರೆಕ್ಕೆಗಳು ಅಲುಗಾಡದಂತೆ ಹಾಕಿದ್ದ ಬಿಗಿಯನ್ನು ಸಡಿಲಿಸಲು ಮರೆತಿದ್ದುದೇ ಕಾರಣ. ಆಗ ಹುಟ್ಟಿದುದು ಹಾರಾಟಕ್ಕೆ ಮುನ್ನ ಓದಲೇಬೇಕಾದ ಕ್ರಮದ ಪಟ್ಟಿ. ಜಾಣರೂ ಮರೆಯುತ್ತಾರೆ, ಕಾಗದ ಮರೆಯದು.

ನಾನೂ ಒಂದು ರಟ್ಟಿನ ಮೇಲೆ ಪಟ್ಟಿ ಬರೆದೆ: ರೆಕ್ಕೆಗಳು ಬಿಗಿಯಾಗಿವೆಯೆ? ಬ್ಯಾಟರಿ ತುಂಬಿದೆಯೆ? ಉಪಗ್ರಹ ಸಂಕೇತ ಬಂದಿದೆಯೆ? ಗಾಳಿ ಯಾವ ಕಡೆಗೆ? ಸುತ್ತ ಯಾರಿದ್ದಾರೆ? ಇವೆಲ್ಲವೂ ನನ್ನ ಭಯಗಳೇ ಅಲ್ಲವೆ? ಮನಸ್ಸಿನಲ್ಲಿ ಸುಮ್ಮನೆ ಅಲೆದಾಡುತ್ತಿದ್ದವನ್ನು ಸಾಲಾಗಿ ನಿಲ್ಲಿಸಿ ಕೆಲಸಕ್ಕೆ ಹಚ್ಚಿದೆ, ಅಷ್ಟೆ.

ಸಿರುಗುಪ್ಪದಲ್ಲಿ ಪರೀಕ್ಷೆ

ಕಡೆಗೆ ಬಂದಿತು ಆ ದಿನ. ಬಾಡಿಗೆಗೆ ತಂದ ದೊಡ್ಡ ಯಂತ್ರ ಗದ್ದೆಯ ಬದುವಿನ ಮೇಲೆ ಕುಳಿತಿತ್ತು. ಸುದ್ದಿ ತಿಳಿದ ಹತ್ತಾರು ಮಂದಿ ನೆರೆದಿದ್ದರು. ಎಲ್ಲರನ್ನೂ ದೂರಕ್ಕೆ ನಿಲ್ಲಿಸಿ, ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ತಮ್ಮನು ಒಂದೊಂದಕ್ಕೂ “ಹೂಂ” ಎಂದನು. ನಾಲ್ಕನೆಯ ಪ್ರಶ್ನೆಗೆ ಬಂದು ನಿಂತೆ. ಗಾಳಿ ಬಲವಾಗಿ ಪಕ್ಕದ ಹೊಲದ ಕಡೆಗೆ ಬೀಸುತ್ತಿತ್ತು. ಅಲ್ಲಿ ನೆರೆಯವರು ದನಗಳ ಮೇವಿಗೆಂದು ಜೋಳ ಬಿತ್ತಿದ್ದರು. ಸಿಂಪಡಿಸಿದ ಔಷಧಿಯು ಗಾಳಿಗೆ ತೇಲಿ ಆ ಹಸಿಮೇವಿನ ಮೇಲೆ ಕುಳಿತರೆ ಗತಿಯೇನು?

“ಇವತ್ತು ಬೇಡ” ಎಂದೆ. ಯಾರೋ ಕಿಸಕ್ಕನೆ ನಕ್ಕರು. “ಪಟ್ಟಣದಾವರು ಅಂಜಿದ್ರು!” ಎಂದು ಮತ್ತೊಬ್ಬರು. ದಿನದ ಬಾಡಿಗೆ ದಂಡವಾಯಿತು. ತಮ್ಮನ ಮುಖ ಸಪ್ಪಗಾಯಿತು. ಯಾವ ನಗೆಗೆ ತಿಂಗಳುಗಟ್ಟಲೆ ಹೆದರಿದ್ದೆನೋ ಅದು ಎದುರಿಗೇ ಬಂದು, ಒಂದು ಗಳಿಗೆಯಲ್ಲಿ ಮುಗಿದೂ ಹೋಯಿತು. ಅದರಿಂದ ನಾನೇನೂ ಸಾಯಲಿಲ್ಲ. ಆ ಮೇಲೆ ಕೈ ಅಷ್ಟಾಗಿ ನಡುಗಲಿಲ್ಲವೆಂದರೆ ನೀವು ನಂಬಬೇಕು.

ಮರುದಿನ ನಸುಕಿನಲ್ಲಿ ಗಾಳಿ ಅಡಗಿತ್ತು. ಯಂತ್ರ ಏರಿತು. ಬೆಳೆಯ ನೆತ್ತಿಯ ಮೇಲೆ ಆಳೆತ್ತರದಲ್ಲಿ, ಮೂಗನ್ನು ತಿರುಗಿಸದೆ, ಹೋದ ಹಾಗೆಯೇ ಹಿಮ್ಮುಖವಾಗಿ ಬರುವಂತೆ ನಡೆಸಿದೆ; ಎಡಬಲದ ಗೊಂದಲವೇ ಬರಲಿಲ್ಲ. ನಾಲ್ಕು ಬಾರಿ ತೊಟ್ಟಿ ತುಂಬಿ, ಬ್ಯಾಟರಿ ಬದಲಿಸಿ, ಬಿಸಿಲೇರುವ ಮುನ್ನ ನಾಲ್ಕು ಎಕರೆಯೂ ಮುಗಿಯಿತು.

ದೂರದ ಬೇವಿನ ಮರದ ಕೆಳಗೆ ಕುಳಿತಿದ್ದ ಅವ್ವ ಬಳಿಗೆ ಕರೆದು ನನ್ನ ಕೈ ಹಿಡಿದು ನೋಡಿದಳು. ಇನ್ನೂ ಸ್ವಲ್ಪ ನಡುಗುತ್ತಿತ್ತು. ನಾಚಿಕೊಂಡೆ. ಆಕೆ ನಕ್ಕಳು: “ನಿಮ್ಮಪ್ಪ ಮೊದಲ ಸಲ ಹೊಸ ಎತ್ತು ಹೂಡಿದಾಗೂ ಕೈ ಹಿಂಗ ನಡುಗಿದ್ವು. ಎತ್ತಿಗೆ ಗೊತ್ತಾಗಲಿಲ್ಲ, ಅಷ್ಟ.”

ಬಳ್ಳಾರಿಗೆ ಮರಳಿದ ಮೇಲೆ ಮೊಮ್ಮಗನದು ಒಂದೇ ಹಟ: ಮಹಡಿಯ ಮೇಲಿನಿಂದ ಪುಟ್ಟ ಡ್ರೋನನ್ನು ಕೋಟೆಯ ಗುಡ್ಡದವರೆಗೆ ಹಾರಿಸಬೇಕಂತೆ! ಕೆಳಗೆ ಜನ, ವಾಹನ, ವಿದ್ಯುತ್ ತಂತಿ. ಮೇಲೆ ಚಾರಿತ್ರಿಕ ಕೋಟೆ. ಆಗದೆಂದೆ. “ತಾತಾ, ನಿನಗೆ ಭಯವೆ?” ಎಂದು ಕೇಳಿದನು.

“ಹೌದಪ್ಪ” ಎಂದೆ. ಈ ಸಲ ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ. ಬದಲಿಗೆ ಅವನ ಕೈ ಹಿಡಿದು ಗುಡ್ಡಕ್ಕೆ ನಡೆದುಕೊಂಡು ಹೋದೆ. ಅರ್ಧದಾರಿಯಲ್ಲಿ ಹುಡುಗನು ಹಿಂದಿರುಗಿ ನೋಡಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡನು. ಅವಸರಪಡಿಸಲಿಲ್ಲ. ಇಬ್ಬರೂ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತು, ಆಮೇಲೆ ಮೇಲಕ್ಕೆ ಹತ್ತಿದೆವು.