ಪರವಾನಗಿ ಯಾರ ಕೈಯಲ್ಲಿರಬೇಕು?

ಹಲಗೂರಿನಿಂದ ಬಹು ದೂರವಿಲ್ಲದ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನವು 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು, 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿತು. ಯಂತ್ರಗಳು ಅಮೆರಿಕ, ಸ್ವಿಟ್ಜರ್ಲೆಂಡುಗಳಿಂದ ಬಂದವು. ಅಮೆರಿಕದ ಎಂಜಿನಿಯರರೂ ಬಂದರು. ತನ್ನಲ್ಲಿಲ್ಲದ ವಿದ್ಯೆಯನ್ನು ಬಲ್ಲವರನ್ನು ಕರೆಸಿಕೊಂಡುದು ಸಂಸ್ಥಾನಕ್ಕೆ ಹೀನವೆನಿಸಲಿಲ್ಲ.

ಇಂದು ಕಾಲಚಕ್ರವು ತಿರುಗಿರುವುದು. ನಮ್ಮ ಸೀಮೆಯ ತರುಣರೇ ಅಮೆರಿಕಕ್ಕೆ ಹೋಗುತ್ತಿರುವರು. ಆದರೆ ಎಚ್-1ಬಿ ಎಂಬ ಪರವಾನಗಿಗೆ ಅರ್ಜಿ ಹಾಕತಕ್ಕವನು ಕೆಲಸಗಾರನಲ್ಲ, ಧಣಿ. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳ ಅವಕಾಶ; ಅಷ್ಟರೊಳಗೆ ಮತ್ತೊಬ್ಬ ಧಣಿ ಅರ್ಜಿ ಹಾಕದಿದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟಬೇಕು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊರಗಿನಿಂದ ಬರುವ ಹೊಸಬರ ಅರ್ಜಿಗೆ ಒಂದು ಲಕ್ಷ ಡಾಲರುಗಳನ್ನು ವಿಧಿಸಿದರು.

ತನ್ನ ಪ್ರಜೆಗಳ ಸಂಬಳವನ್ನು ಕಾಯುವುದು ಯಾವ ಸರಕಾರಕ್ಕಾದರೂ ಧರ್ಮವೇ. ಅದನ್ನು ನಾವು ಹಳಿಯೆವು. ಆದರೆ ಧಣಿಯ ಕೃಪೆಯಿಂದ ನಿಂತವನು ಸಂಬಳ ಸಾಲದೆಂದು ಬಾಯಿ ಬಿಡುವನೇ? ಅವನ ಮೌನವು ಪಕ್ಕದ ಸ್ವದೇಶೀಯನ ಸಂಬಳವನ್ನೂ ಇಳಿಸುವುದು. ಶುಲ್ಕವನ್ನು ಎಷ್ಟೇ ಏರಿಸಿದರೂ ಆ ಅಂಜಿಕೆ ನೀಗದು. ಪರವಾನಗಿಯು ಕೆಲಸಗಾರನ ಕೈಗೆ ಬಂದರೆ ಇಬ್ಬರೂ ಉಳಿದಾರು.

ಇದನ್ನು ಕೇಳುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಭಾರತದ ಉದ್ಯೋಗ ವೀಸಾ ಕೂಡ ಸಾಮಾನ್ಯವಾಗಿ ಕರೆಸಿಕೊಂಡ ಧಣಿಗೇ ಅಂಟಿಕೊಂಡಿರುವುದು. ದಿಲ್ಲಿಯ ಸರಕಾರವು ಆ ಗಂಟನ್ನು ತಾನೇ ಮೊದಲು ಬಿಚ್ಚಲಿ. ಆಗ ವಾಷಿಂಗ್ಟನ್ನಿನ ಮುಂದೆ ನಮ್ಮ ಮಾತಿಗೆ ತೂಕ ಬರುವುದು.