ಆಟ ಮುಗಿದ ಮೇಲೆ ಪೆಟ್ಟಿಗೆಗೆ ಬೆಲೆಯೆಷ್ಟು?

1986ರಲ್ಲಿ ಅಮೆರಿಕದ ಒಬ್ಬರು ಕ್ರಿಸ್‌ಮಸ್ ಹಬ್ಬದ ಉಡುಗೊರೆಗೆಂದು ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ವಿಡಿಯೋ ಆಟವನ್ನು ಕೊಂಡು ತಂದರು. ಮೇಜಿನ ಖಾನೆಯಲ್ಲಿಟ್ಟು ಮರೆತೇಬಿಟ್ಟರು. ಮೂವತ್ತೈದು ವರ್ಷ ಅದು ಅಲ್ಲಿಯೇ ಇತ್ತು. ಪ್ಲಾಸ್ಟಿಕ್ ಹೊದಿಕೆ ಕೂಡ ಹರಿದಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಹರಾಜಿಗೆ ಬಂದಾಗ ಅದಕ್ಕೆ ದೊರೆತ ಬೆಲೆ 6,60,000 ಡಾಲರ್! ಅದೇ ಜುಲೈನಲ್ಲಿ ‘ಸೂಪರ್ ಮಾರಿಯೋ 64’ ಆಟದ ತೆರೆಯದ ಪ್ರತಿಯೊಂದು 15,60,000 ಡಾಲರಿಗೆ ಹೋಯಿತು.

ಇಂಥ ಸುದ್ದಿ ಕೇಳಿದವರಲ್ಲಿ ಆಸೆ ಮೊಳೆಯುವುದು ಸಹಜವೇ. ಆಟದ ಜೊತೆಗೆ ಬೊಂಬೆ, ಬಟ್ಟೆಯ ಭೂಪಟ, ಚಿತ್ರಪುಸ್ತಕ, ಚೀಲಗಳನ್ನು ಸೇರಿಸಿ ‘ಸಂಗ್ರಾಹಕರ ಆವೃತ್ತಿ’ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರುವುದು ಇಂದು ವಾಡಿಕೆಯಾಗಿದೆ. ಮುಂದೊಂದು ದಿನ ಹತ್ತರಷ್ಟು ಬಂದೀತೆಂಬ ನಂಬಿಕೆಯಿಂದ, ಕೊಂಡ ಪೆಟ್ಟಿಗೆಯನ್ನು ಒಡೆಯದೆಯೇ ಅಟ್ಟಕ್ಕೇರಿಸುವವರೂ ಇದ್ದಾರೆ. ಸಂಸಾರದ ಉಳಿತಾಯದ ಹಣ ಹೀಗೆ ಆಟಿಕೆಯಲ್ಲಿ ಕುಳಿತಾಗ, ಅದು ಬೆಳೆಯುವುದೇ ಕರಗುವುದೇ ಎಂಬ ಪ್ರಶ್ನೆ ಬರಿಯ ಕುತೂಹಲದ್ದಾಗಿ ಉಳಿಯುವುದಿಲ್ಲ.

ಉಳಿಯಲೆಂದು ಮಾಡದವು

ಬೆಲೆ ಏರಿದ ವಸ್ತುಗಳ ಚರಿತ್ರೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಅನೇಕವು ಕಾಪಿಡಲೆಂದು ಮಾಡಿದವುಗಳೇ ಅಲ್ಲ. ‘ಸೂಪರ್ ಮಾರಿಯೋ 64’ ಒಂದು ಕೋಟಿಗೂ ಮೀರಿ ಮಾರಾಟವಾದ ಆಟ. ಆದರೆ ಕೊಂಡವರು ಆಡಲೆಂದು ಕೊಂಡರು; ಮನೆಗೆ ಬಂದ ಗಳಿಗೆಯಲ್ಲೇ ಹೊದಿಕೆ ಹರಿದರು. ಅಪರೂಪವಾದುದು ಆಟವಲ್ಲ, ತೆರೆಯದ ಪೆಟ್ಟಿಗೆ.

ಆಟದೊಡನೆ ಕೊಡುವ ಕಾಣಿಕೆಗಳ ಕಥೆಯೂ ಹೀಗೆಯೇ. 1982ರಲ್ಲಿ ಅಮೆರಿಕದ ಇನ್ಫೋಕಾಂ ಕಂಪನಿ ‘ಡೆಡ್‌ಲೈನ್’ ಎಂಬ ಪತ್ತೇದಾರಿ ಆಟವನ್ನು ಹೊರತಂದಿತು. ಕಥೆಯ ವಿವರಗಳೆಲ್ಲ ಅಂದಿನ ಡಿಸ್ಕಿನಲ್ಲಿ ಹಿಡಿಸಲಿಲ್ಲ. ಆದುದರಿಂದ ಸಾಕ್ಷಿಗಳ ಹೇಳಿಕೆ, ಶವಪರೀಕ್ಷೆಯ ವರದಿ, ಶವದ ಬಳಿ ದೊರೆತುವೆಂಬ ಮಾತ್ರೆಗಳು ಇವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಮಾರಿದರು. 1984ರ ‘ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ’ ಆಟದ ಪೆಟ್ಟಿಗೆಯಲ್ಲಿ ಏನೂ ಕಾಣಿಸದ ಕಪ್ಪು ಕನ್ನಡಕ, ಜೇಬಿನ ಮೂಲೆಯ ನೂಲಿನ ಹಿಂಜು ಇದ್ದುವು. ‘ಕಣ್ಣಿಗೆ ಕಾಣದಷ್ಟು ಚಿಕ್ಕ ಆಕಾಶನೌಕೆಗಳ ಪಡೆ’ ಎಂದು ಹೇಳಿಕೊಂಡ ಒಂದು ಖಾಲಿ ಚೀಲವೂ ಇತ್ತು! ನಕ್ಕು ಬಿಸಾಡಿದವರೆಷ್ಟೋ. ಈ ಚಿಲ್ಲರೆ ಸಾಮಾನುಗಳಲ್ಲಿ ಒಂದೂ ಕಳೆಯದ ಪೆಟ್ಟಿಗೆಯನ್ನೇ ಇಂದಿನ ಸಂಗ್ರಾಹಕರು ಅರಸುತ್ತಾರೆ.

ಕಸ ರಸವಾದ ಬಗೆ

1983ರಲ್ಲಿ ಅಟಾರಿ ಕಂಪನಿ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಿತು. 2014ರಲ್ಲಿ ಅದನ್ನು ಅಗೆದಾಗ ಸುಮಾರು 1,300 ಕಾರ್ಟ್ರಿಜ್‌ಗಳು ಹೊರಬಂದುವು. ನುಜ್ಜುಗುಜ್ಜಾಗಿ ಮಣ್ಣು ಮೆತ್ತಿದ್ದ ಅವುಗಳಲ್ಲಿ ನೂರಾರನ್ನು ಮಾರಿದ್ದರಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಬಂದಿತು. ಅದರಲ್ಲಿದ್ದ ‘ಇ.ಟಿ.’ ಆಟ ಬೇರೆಡೆ ಅಗ್ಗವಾಗಿಯೇ ಸಿಗುತ್ತಿತ್ತು. ಕೊಂಡವರು ಬೆಲೆ ತೆತ್ತದ್ದು ಆ ಮಣ್ಣಿಗೆ ಅಂಟಿದ ಕಥೆಗೆ.

ಅಚ್ಚು ಯಾರ ಕೈಯಲ್ಲಿದೆ?

ಅಪರೂಪವೆಂದು ಸಾರಿ ಮಾರುವ ವಸ್ತುಗಳ ಹಣೆಬರಹವೇ ಬೇರೆ. 2014ರಲ್ಲಿ ನಿಂಟೆಂಡೊ ಕಂಪನಿ ‘ಅಮೀಬೊ’ ಎಂಬ ಪುಟ್ಟ ಬೊಂಬೆಗಳನ್ನು ಹೊರತಂದಿತು. ಕೆಲವು ಬೊಂಬೆಗಳು ಅಂಗಡಿಯಲ್ಲಿ ಸಿಗದೆ, ಮರುಮಾರಾಟದಲ್ಲಿ ಬೆಲೆ ಹಲವು ಪಟ್ಟು ಏರಿತು. ಕಂಪನಿ ಮತ್ತೆ ತಯಾರಿಸಿತು. ಏರಿದ ಬೆಲೆ ಇಳಿಯಿತು. ಅಚ್ಚು ಒಡೆಯನ ಕೈಯಲ್ಲಿರುವವರೆಗೆ ಅಪರೂಪವೆಂಬುದು ಅವನ ಮರ್ಜಿ.

ಕಾಣಿಕೆಯ ಗುಣವನ್ನೂ ನೆಚ್ಚುವಂತಿಲ್ಲ. 2018ರಲ್ಲಿ ‘ಫಾಲ್‌ಔಟ್ 76’ ಆಟದ 200 ಡಾಲರಿನ ಆವೃತ್ತಿಗೆ ಕ್ಯಾನ್ವಾಸ್ ಚೀಲವೆಂದು ಜಾಹೀರಾತಾಗಿತ್ತು. ಬಂದದ್ದು ತೆಳುವಾದ ನೈಲಾನ್ ಚೀಲ. ಗ್ರಾಹಕರು ಕೂಗೆಬ್ಬಿಸಿದ ಮೇಲೆಯೇ ಕ್ಯಾನ್ವಾಸ್ ಚೀಲ ಕೈಸೇರಿತು.

ತೆರೆಯ ಮೇಲಷ್ಟೇ ಇರುವ ಕಾಣಿಕೆಗಳಂತೂ ನೀರ ಮೇಲಣ ಗುಳ್ಳೆ. ‘ಕೌಂಟರ್ ಸ್ಟ್ರೈಕ್’ ಆಟದಲ್ಲಿ ಬಣ್ಣದ ಚೂರಿಗಳಿಗೆ ಸಾವಿರಾರು ಡಾಲರ್ ಕೊಟ್ಟವರಿದ್ದರು. 2025ರ ಅಕ್ಟೋಬರಿನಲ್ಲಿ ವಾಲ್ವ್ ಕಂಪನಿ ನಿಯಮವನ್ನು ಬದಲಿಸಿ, ಕೆಳದರ್ಜೆಯ ಐದು ವಸ್ತುಗಳಿಗೆ ಪ್ರತಿಯಾಗಿ ಒಂದು ಚೂರಿ ಪಡೆಯಬಹುದೆಂದಿತು. ಬೆಳಗಾಗುವುದರೊಳಗೆ ಚೂರಿಗಳ ಬೆಲೆ ಕುಸಿಯಿತು.

ಬೆಲೆ ಹುಟ್ಟುವುದು ಮೂರು ಸೇರಿದಾಗ. ಬಾಲ್ಯದಲ್ಲಿ ಆ ಆಟವನ್ನು ಪ್ರೀತಿಸಿದವರು ಹಲವರಿರಬೇಕು, ವಸ್ತು ಕೆಲವೇ ಉಳಿದಿರಬೇಕು, ಉಳಿದದ್ದು ಮುಕ್ಕಾಗಿರಬಾರದು. ಎಲ್ಲರೂ ಲಾಭಕ್ಕೆಂದೇ ಜೋಪಾನ ಮಾಡಿದರೆ ಎರಡನೆಯದು ಕೂಡಿಬರುವುದೆಂತು? ಲಾಭದ ಲೆಕ್ಕ ಹಾಕಿ ಪೆಟ್ಟಿಗೆ ಕೊಳ್ಳುವುದು ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದಂತೆ. ಆಟವನ್ನು ಮೆಚ್ಚಿ ಕೊಂಡವನು ಮಾತ್ರ, ಬೆಲೆ ಏರಲಿ ಇಳಿಯಲಿ, ಕೊಟ್ಟ ಹಣದ ಸುಖವನ್ನು ಆಡಿದ ದಿನವೇ ಪಡೆದಿರುತ್ತಾನೆ.