ಇಲ್ಲದ ಪಕ್ಷದ ರಾಜಕೀಯ

ಒಂದು ರಾಜಕೀಯ ಪಕ್ಷ ಕಟ್ಟಲು ಏನೇನು ಬೇಕು? ಭಾರತದಲ್ಲಾದರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಪ್ರಕಾರ ಚುನಾವಣಾ ಆಯೋಗಕ್ಕೆ ಅರ್ಜಿ ಹಾಕಬೇಕು. ಮತದಾರರ ಪಟ್ಟಿಯಲ್ಲಿರುವ ಕನಿಷ್ಠ ನೂರು ಮಂದಿ ಸದಸ್ಯರಿರಬೇಕು. ಸಂವಿಧಾನಕ್ಕೆ ನಿಷ್ಠೆಯಿಂದಿರುವುದಾಗಿ ಪಕ್ಷದ ನಿಯಮಾವಳಿಯಲ್ಲೇ ಬರೆದಿರಬೇಕು. ಇವಾವುದರ ಗೊಡವೆಯೂ ಇಲ್ಲದೆ, ಮನೆಯ ಜಗಲಿಯಲ್ಲಿ ಕೂತು ಪಕ್ಷ ಕಟ್ಟುವ ಸೌಕರ್ಯವನ್ನು ಕಂಪ್ಯೂಟರ್ ಆಟಗಳು ತಂದುಕೊಟ್ಟಿವೆ.

ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ 2002ರಲ್ಲಿ ಆರಂಭಿಸಿದ 'ನೇಷನ್‌ಸ್ಟೇಟ್ಸ್' ಆಟದಲ್ಲಿ ಪ್ರತಿಯೊಬ್ಬನೂ ಒಂದೊಂದು ಕಾಲ್ಪನಿಕ ದೇಶದ ಒಡೆಯ. 2008ರಲ್ಲಿ ಬಂದ 'ಇ-ರಿಪಬ್ಲಿಕ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಆಟದ ಚಿನ್ನ ತೆತ್ತು ಪಕ್ಷ ಸ್ಥಾಪಿಸಬಹುದು. ಪಕ್ಷದ ಅಧ್ಯಕ್ಷರಿಗೆ, ಶಾಸನಸಭೆಗೆ, ರಾಷ್ಟ್ರಾಧ್ಯಕ್ಷರಿಗೆ ತಿಂಗಳು ತಿಂಗಳೂ ಚುನಾವಣೆ. ನಿಜವಾದ ದೇಶಗಳ ಹೆಸರುಗಳೇ ಅಲ್ಲಿದ್ದವು, ಭಾರತವೂ ಇತ್ತು.

ಇಂಥ ಆಟದಲ್ಲಿ ಬಹುಬೇಗ ಕಾಣಿಸಿಕೊಂಡ ರೋಗವೊಂದುಂಟು. ಬೇರೆ ದೇಶದ ಆಟಗಾರರು ಗುಂಪಾಗಿ ಬಂದು ಒಂದು ಪಕ್ಷದ ಸದಸ್ಯರಾಗುವುದು, ಬಹುಮತದಿಂದ ಅಧ್ಯಕ್ಷಗಿರಿ ಹಿಡಿಯುವುದು, ಆಮೇಲೆ ಬೊಕ್ಕಸಕ್ಕೆ ಕೈ ಹಾಕುವುದು. ನಿಯಮ ಮುರಿಯದೆಯೇ ಪಕ್ಷವನ್ನು ಅಪಹರಿಸುವ ಈ ತಂತ್ರವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅಧಿಕಾರವಿದ್ದಲ್ಲಿ ಉಪಾಯ ತಾನಾಗಿ ಹುಟ್ಟುತ್ತದೆ.

ಇದು ಬರೀ ಆಟ ಎಂದು ನಕ್ಕು ಸುಮ್ಮನಾಗುವಂತಿಲ್ಲ. ನಮ್ಮ ಸಂವಿಧಾನದ ಮೂಲ ಪಾಠದಲ್ಲಿ 'ರಾಜಕೀಯ ಪಕ್ಷ' ಎಂಬ ಮಾತೇ ಇರಲಿಲ್ಲ. ಆ ಮಾತು ಅದರೊಳಗೆ ಬಂದದ್ದು 1985ರ 52ನೇ ತಿದ್ದುಪಡಿಯಲ್ಲಿ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿಯ ಮೂಲಕ. ಎಂದರೆ, ಪಕ್ಷ ಬಿಟ್ಟುಹೋಗುವವರ ಕಾಟದಿಂದಾಗಿ ಪಕ್ಷಕ್ಕೆ ಸಂವಿಧಾನದಲ್ಲಿ ಜಾಗ ಸಿಕ್ಕಿತು! ಆ ಕಾನೂನಿಗೂ ಜನ ದಾರಿ ಹುಡುಕಿದರು. 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಉರುಳಿದ್ದು ಶಾಸಕರ ರಾಜೀನಾಮೆಗಳಿಂದ. ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು.

ಪಕ್ಷವೆಂಬುದು ಜನರ ಮನಸ್ಸಿನ ಒಪ್ಪಂದವೇ ಹೊರತು ಕಲ್ಲುಕಟ್ಟಡವಲ್ಲ ಎಂಬುದಕ್ಕೆ ಚಿತ್ರದುರ್ಗದವರಿಗೆ ಹತ್ತಿರದ ಉದಾಹರಣೆಯೇ ಇದೆ. ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದಾಗಲೇ, 1969ರಲ್ಲಿ, ಕಾಂಗ್ರೆಸ್ ಒಡೆಯಿತು. 1971ರ ಲೋಕಸಭಾ ಚುನಾವಣೆಗೆ ಹಳೆಯ ಜೋಡೆತ್ತು ಎರಡು ಬಣಗಳಿಗೂ ದಕ್ಕಲಿಲ್ಲ. ಇಂದಿರಾ ಬಣ ಹಸು-ಕರುವಿನೊಂದಿಗೆ, ಸಂಸ್ಥಾ ಕಾಂಗ್ರೆಸ್ ಚರಕ ನೂಲುವ ಹೆಂಗಸಿನ ಗುರುತಿನೊಂದಿಗೆ ಜನರ ಮುಂದೆ ಹೋದವು. ನಿಜವಾದ ಪಕ್ಷ ಯಾವುದು ಎಂಬ ಪ್ರಶ್ನೆಗೆ ಮತದಾರನೇ ಉತ್ತರ ಹೇಳಬೇಕಾಯಿತು.

ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಶಾಲೆಗಳಲ್ಲಿ ಇಂಥ ಆಟವಿತ್ತು. 1962ರಲ್ಲಿ ಮುಂಬಯಿಯಲ್ಲಿ ಸೇರಿದ ಸಚೇತಕರ ಸಮ್ಮೇಳನದ ಶಿಫಾರಸಿನ ಮೇರೆಗೆ, 1966ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ ಸ್ಪರ್ಧೆ ಶುರುವಾಯಿತು. ಮುಂದೆ ಕೇಂದ್ರೀಯ ವಿದ್ಯಾಲಯಗಳಿಗೂ ನವೋದಯ ಶಾಲೆಗಳಿಗೂ ಅದು ಹಬ್ಬಿತು. ಪ್ರಮಾಣವಚನ, ಪ್ರಶ್ನೋತ್ತರ ವೇಳೆ, ಮಸೂದೆ ಮಂಡನೆ ಎಲ್ಲವೂ ಒಂದು ಗಂಟೆಯೊಳಗೆ ಮುಗಿಯಬೇಕು. ನಿಜವಾದ ಪಕ್ಷಗಳನ್ನು ಹೆಸರಿಸಿ ಟೀಕಿಸುವಂತಿಲ್ಲ. ಹೀಗಾಗಿ ಅಲ್ಲಿ ಆಡಳಿತ ಪಕ್ಷವೂ ಇರುತ್ತದೆ, ವಿರೋಧ ಪಕ್ಷವೂ ಇರುತ್ತದೆ. ಅವುಗಳಿಗೆ ಸಿದ್ಧಾಂತ ಮಾತ್ರ ಇರುವುದಿಲ್ಲ. ಸಾಮಾನ್ಯವಾಗಿ ಮೇಷ್ಟರು ಬರೆದುಕೊಟ್ಟ ಪ್ರಶ್ನೆಗೆ ಮೇಷ್ಟರೇ ಬರೆದುಕೊಟ್ಟ ಉತ್ತರ. ಯಾವ ಮಾತಿನಿಂದ ಸರ್ಕಾರ ಬೀಳಬಹುದೆಂಬ ಕುತೂಹಲಕ್ಕೆ ಎಡೆಯಿಲ್ಲ. ಕಂಪ್ಯೂಟರ್ ಆಟದಲ್ಲಿ ಸೋಲು ನಿಜ, ಕಾಳಜಿ ಹುಸಿ. ಶಾಲೆಯ ಸಂಸತ್ತಿನಲ್ಲಿ ಕಾಳಜಿ ಇದ್ದೀತು, ಸೋಲು ಹುಸಿ.

ಪಕ್ಷವೇ ಬೇಡವೆಂದರೆ ಹೇಗೆ? ಅದಕ್ಕೂ ನಮ್ಮಲ್ಲಿ ಪ್ರಯೋಗ ನಡೆದಿದೆ. ಹೊಳಲ್ಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಳ್ಯವಿರಲಿ, ರಾಜ್ಯದ ಇನ್ನಾವುದೇ ಹಳ್ಳಿಯಿರಲಿ, ಗ್ರಾಮ ಪಂಚಾಯಿತಿ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಗುರುತಿಗೆ ಸ್ಥಾನವಿಲ್ಲ. ಯಾರು ಯಾವ ಕಡೆಯವರೆಂದು ಊರಿಗೆಲ್ಲ ಗೊತ್ತಿದ್ದರೂ ಕಾನೂನಿನ ಕಣ್ಣಿಗೆ ಅಲ್ಲಿ ಪಕ್ಷವಿಲ್ಲ. ಶಾಲೆಯಲ್ಲಿ ಇಲ್ಲದ ಪಕ್ಷ ಇದೆಯೆಂದು ನಟಿಸಿದ ಹುಡುಗ, ದೊಡ್ಡವನಾದ ಮೇಲೆ ಇರುವ ಪಕ್ಷ ಇಲ್ಲವೆಂದು ನಟಿಸಬೇಕಾಗುತ್ತದೆ.

ಈ ಎರಡರ ನಡುವೆ ಮೂರನೆಯ ದಾರಿಯೊಂದನ್ನು ತೋರಿಸಿದ್ದು ಕುಂದಾಪುರ ಸೀಮೆಯ ಮಕ್ಕಳು. 1990ರ ದಶಕದಲ್ಲಿ ಅಲ್ಲಿ ದುಡಿಯುವ ಮಕ್ಕಳ 'ಭೀಮಸಂಘ'ದ ಬೆನ್ನಿಗೇ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮುಂದೆ ಸರ್ಕಾರವೇ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಅಲ್ಲಿ ನಟನೆಯ ಮಂತ್ರಿಯಿಲ್ಲ. ಎದುರಿಗೆ ಕೂತವರು ನಿಜವಾದ ಅಧ್ಯಕ್ಷರು, ಪಿಡಿಒ. ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ವೇಳೆಗೆ ಬಸ್ಸಿಲ್ಲ, ಕಾಂಪೌಂಡ್ ಬಿದ್ದಿದೆ ಎಂಬ ದೂರುಗಳೂ ನಿಜವಾದವೇ.

ಆದರೆ ಅಲ್ಲೂ ಒಂದು ಕೊರತೆ ಉಳಿಯುತ್ತದೆ. ಬೇಡಿಕೆ ಹತ್ತಿದ್ದು, ಹಣ ಎರಡಕ್ಕೆ ಮಾತ್ರ ಸಾಲುವುದಾದರೆ ಯಾವುದು ಮೊದಲು? ಹೀಗೆ ಆರಿಸುವುದು, ಆರಿಸಿದ್ದಕ್ಕೆ ಕಾರಣ ಹೇಳುವುದು, ಒಪ್ಪದವರನ್ನು ಒಪ್ಪಿಸಲು ಹೊರಡುವುದು, ಸೋತರೆ ಮುಂದಿನ ಸಲಕ್ಕೆ ಕಾಯುವುದು: ಪಕ್ಷವೆಂಬುದರ ಮೂಲ ಕೆಲಸ ಇಷ್ಟೇ. ಬಾವುಟ, ಗುರುತು, ಜಯಘೋಷಗಳೆಲ್ಲ ಆಮೇಲಿನ ಮಾತು. ಶೌಚಾಲಯದ ನೀರು ಮೊದಲು ಎನ್ನುವ ಮಕ್ಕಳು ಒಂದು ಕಡೆ, ಬಸ್ಸು ಮೊದಲು ಎನ್ನುವವರು ಇನ್ನೊಂದು ಕಡೆ ಕೂತು ವಾದಿಸಿ, ಕೈಯೆತ್ತಿ ತೀರ್ಮಾನಿಸಿದರೆ ಹೆಸರಿಲ್ಲದ ಎರಡು ಪಕ್ಷಗಳು ಅಲ್ಲೇ ಹುಟ್ಟಿದಂತೆ. ಆ ತೀರ್ಮಾನ ಪಂಚಾಯಿತಿಯ ನಡಾವಳಿ ಪುಸ್ತಕಕ್ಕೆ ಏರಿ, ಮುಂದಿನ ವರ್ಷದ ಸಭೆಯಲ್ಲಿ ಅದರ ಲೆಕ್ಕ ಕೇಳುವಂತಾದರೆ ಆಟ ಸಾರ್ಥಕ.